ಆಯುಧಪೂಜೆಯ ದಿನದ ಸಾಕ್ಷಿ

ಗುಬ್ಬಿ
೩-೭-೨೦೦೧

ಮಗಳೇ ಮಂಜುಶ್ರೀ,

ಅಮ್ಮನ ಆಶೀರ್ವಾದ. ಕ್ಷೇಮ ಎಂದು ಬರೆಯಲು ಕೂತು ಆಗಲೇ ಮೂರು ಇನ್‌ಲ್ಯಾಂಡ್ ಹಾಳು ಮಾಡಿದ್ದೇನೆ. ಅನ್ನ ಸೀದ ವಾಸನೆ ಬಂದರೂ ಎದ್ದಿಲ್ಲ.

ವಕೀಲ ವೆಂಕಟರಂಗಯ್ಯನವರ ಕಾಗದ ಬಂತು. ನಿಮ್ಮಪ್ಪನ ಸಾವಿಗೆ ಪರಿಹಾರವಿಲ್ಲ ಎಂದು ತುಮಕೂರಿನ ಲೇಬರ್ ಕಮಿಷನರ್ ಕೊಟ್ಟಿದ್ದ ಆದೇಶವನ್ನು ಹೈಕೋರ್ಟು ರದ್ದು ಮಾಡಿದೆ. ಹಾಗೆಂದು ಗೆದ್ದೆವೆಂದಲ್ಲ. ರಜೆಯ ದಿನ ಮಿಲ್ಲಿನ ಯಜಮಾನರು ಅವರನ್ನು ಕೆಲಸಕ್ಕೆ ಕರೆಸಿದ್ದರೋ ಇಲ್ಲವೋ ಸರಿಯಾಗಿ ವಿಚಾರಿಸಿ ಎಂದು ತುಮಕೂರಿಗೇ ವಾಪಸ್ ಕಳಿಸಿದೆ. ಹದಿನಾರಕ್ಕೆ ನಾನು ಇನ್ನೊಮ್ಮೆ ಸಾಕ್ಷಿ ಹೇಳಬೇಕು.

ಕೇಸು ವಜಾ ಆದಾಗಿನಿಂದ ನೀನು ಅಡವಿಯಪ್ಪನ ಮುಖ ನೋಡುವುದಿಲ್ಲ. ಜೊತೆಯಲ್ಲಿ ದುಡಿದವನೇ ಯಜಮಾನರಿಗೆ ಹೆದರಿ ಬಾಯಿ ಮುಚ್ಚಿಕೊಂಡ ಎನ್ನುತ್ತೀಯ. ಅವನದೇನೂ ತಪ್ಪಿಲ್ಲ ಕಣೇ. ಕೇಸು ಕೆಡಿಸಿದವಳು ನಾನು.

ಆ ಆಯುಧಪೂಜೆಯ ದಿನ ಬಾಗಿಲಿಗೆ ಬಂದು ಕರೆದವನು ಅವನೇ. "ಯಜಮಾನ್ರು ಕರೀತಾವ್ರೆ, ನಾಳೆ ಬೆಳಗ್ಗೇನೇ ಲೋಡು ಐತಂತೆ. ಬೆಲ್ಟ್ ಬಿಗಿ ಮಾಡಿ ಒಂದ್ಸಲ ಓಡ್ಸಿ ನೋಡ್ಬೇಕಂತೆ" ಅಂದ. ಪೂಜೆಗಿಟ್ಟ ಸಾಮಾನು ಮುಟ್ಟಬೇಡಿ ಎಂದೆ. ನಿಮ್ಮಪ್ಪ ನಕ್ಕು ಹೋದರು. ಮಧ್ಯಾಹ್ನಕ್ಕೆ ಮೆಷಿನ್ನಿನ ಬೆಲ್ಟು ಅವರನ್ನು ಎಳೆದುಕೊಂಡ ಸುದ್ದಿ ಬಂತು.

ಹೆಣ ಅಂಗಳದಲ್ಲಿರುವಾಗಲೇ, ಹಬ್ಬದ ದಿನ ಆಯುಧ ಮುಟ್ಟಿದನಾ ಎಂದು ಕುಣಿಗಲ್ಲಿಂದ ಬಂದ ನಿನ್ನ ಅಜ್ಜಿ ನರಸಮ್ಮ ಕೇಳಿದರು. ಇಲ್ಲ ಎಂದುಬಿಟ್ಟೆ. ದೇವರ ಶಾಪಕ್ಕೆ ಸತ್ತ ಎಂದು ಊರವರು ನಿಮ್ಮಪ್ಪನನ್ನು ಆಡಿಕೊಳ್ಳುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಅಡವಿಯಪ್ಪನಿಂದಲೂ, ಅತ್ತತ್ತು ನಿದ್ದೆ ಹೋಗಿದ್ದ ನಿನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ಮಿಲ್ಲಿನ ಕಡೆಯ ವಕೀಲರು ಕೇಳಿದಾಗಲೂ ಧಿಮಾಕಿನಿಂದಲೇ, "ಆಯುಧಪೂಜೆ ದಿನ ಯಾರಾದ್ರೂ ಕೆಲ್ಸ ಮಾಡ್ತಾರಾ ಸ್ವಾಮಿ? ಪೂಜೆಗೆ ಹೋಗಿದ್ರು" ಎಂದೆ. ಕೇಸು ವಜಾ ಮಾಡಿದ ಆದೇಶದಲ್ಲಿ ಅದೇ ಮಾತು ಇತ್ತು.

ನಿನ್ನೆ ಅಡವಿಯಪ್ಪನ ಮನೆಗೆ ಹೋಗಿ ಆಣೆ ಬಿಡಿಸಿ ಬಂದೆ. ಅವನು ಅತ್ತ. ಮೊದಲು ಹೇಳಿದ್ದು ಸುಳ್ಳಾ ಎಂದು ಕಮಿಷನರ್ ಕೇಳಿಯೇ ಕೇಳುತ್ತಾರೆ, ನಿನ್ನ ಅಜ್ಜಿಯೂ ಅಲ್ಲೇ ಕೂತಿರುತ್ತಾರೆ. ಕ್ಲಿನಿಕ್ಕಿಗೆ ರಜೆ ಹಾಕಿ ಬಟವಾಡಿಯಿಂದ ನೇರ ಕಮಿಷನರ್ ಕಚೇರಿಗೇ ಬಾ. ನೀನು ಎದುರಿಗಿದ್ದರೆ ಹೇಳಿಯೇನು. ಬೈಯುವುದಿದ್ದರೆ ಆಮೇಲೆ ಬೈ.

ನಿನ್ನ ಅಮ್ಮ,
ರಂಗಲಕ್ಷ್ಮಮ್ಮ

ಮತ್ತೊಂದು ಮಾತು: ಪ್ರತಿ ವರ್ಷ ನಿನ್ನ ಕೈಯಿಂದ ಕುಂಕುಮ ಹಚ್ಚಿಸುತ್ತಿದ್ದ ಆ ಸ್ಪ್ಯಾನರ್ ನಾನು ಹೇಳಿದ ಹಾಗೆ ನಿನ್ನ ತಾತನದಲ್ಲ. ಆ ದಿನ ನಿಮ್ಮಪ್ಪನ ಮುಷ್ಟಿಯಿಂದ ಅಡವಿಯಪ್ಪ ಬಿಡಿಸಿ ತಂದುಕೊಟ್ಟದ್ದು. ಇವತ್ತು ಕುಂಕುಮ ತೊಳೆದೆ. ಹಿಡಿಯ ಮೇಲೆ ಮಿಲ್ಲಿನ ಹೆಸರಿದೆ.