ಇಬ್ಬರ ಲೆಕ್ಕದ ಪಾತಿ

ಗುರುವಾರ, ಬೆಳಿಗ್ಗೆ

ಈ ಮನೆಯ ನಕ್ಷೆ ಹಾಕಿದ ಮಹಾಶಯರಿಗೆ,

ನಮಸ್ಕಾರ. ಜಗಳ ಮುಂದುವರಿಸಲು ಬರೆಯುತ್ತಿಲ್ಲ, ಹೆದರಬೇಡಿ. ಮನೆಯದೇ ಒಂದು ತೊಂದರೆ. ಕಟ್ಟಿಸಿದ ಗಂಡನನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ಉಳಿದದ್ದೆಲ್ಲ ನೀವು ಹೇಳಿದಂತೆಯೇ ಇದೆ. ಪಾಯ ತೋಡಿದ ಮಣ್ಣಿನಲ್ಲೇ ಒತ್ತಿದ ಇಟ್ಟಿಗೆಯ ಗೋಡೆ ಒಂದು ಬಿರುಕೂ ಬಿಟ್ಟಿಲ್ಲ. ಸುಡು ಬಿಸಿಲಲ್ಲೂ ಫ್ಯಾನ್ ಬೇಡ. ಹಳೇ ಶಾಲೆ ಕೆಡವಿದಾಗ ನೀವು ಹೊತ್ತು ತಂದ ಕಿಟಕಿಗಳು ಮಾತ್ರ ಗಾಳಿಗೆ ಕಿರ್ರೆನ್ನುತ್ತವೆ. ಎಣ್ಣೆ ಬಿಟ್ಟಿಲ್ಲ. ಇಷ್ಟು ದಪ್ಪ ಗೋಡೆ ದಾಟಿ ಬೀದಿಯ ಸದ್ದು ಒಳಗೆ ಬರುವುದಿಲ್ಲ. ಅವಾದರೂ ಮಾತಾಡಲಿ ಎಂದು ಸುಮ್ಮನಿದ್ದೇನೆ.

ತೊಂದರೆ ಇರುವುದು ಹಿತ್ತಲಲ್ಲಿ. ಬಚ್ಚಲ ನೀರು ಸೋಸಿ ಹೋಗಲೆಂದು ಜಲ್ಲಿ ತುಂಬಿ ಜೊಂಡು ನೆಟ್ಟಿರಲ್ಲ, ಆ ಪಾತಿ ಒಣಗುತ್ತಿದೆ. ಅಂದು ನಿಮ್ಮ ಜೊತೆ ಜಲ್ಲಿ ಹೊತ್ತ ಮಾಲಿಯನ್ನೇ ಕರೆಸಿದೆ. ಇದು ಇಬ್ಬರ ಸ್ನಾನದ ನೀರಿಗೆ ಮಾಡಿದ್ದಮ್ಮಾ, ಒಬ್ಬರದು ಎಲ್ಲಿಗೆ ಸಾಕು ಅಂದ. ಅರ್ಧ ಕಿತ್ತು ಕಲ್ಲು ಹಾಸಿಬಿಡೋಣ ಅಂದ. ಯಜಮಾನರನ್ನು ಕೇಳಿ ಹೇಳುತ್ತೇನೆ ಅಂದೆ. ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ನನಗೇ ನಾಚಿಕೆಯಾಯಿತು.

ಎರಡು ತಿಂಗಳ ಕೆಲಸ ಎಂದು ಹೋದವರು ನೀವು. ಈಗ ಎರಡನೇ ಬೇಸಿಗೆ. ಅಲ್ಲಿ ಯಾರದೋ ಮನೆಗೆ ಗಾಳಿ ಯಾವ ಕಡೆಯಿಂದ ಬರಬೇಕೆಂದು ತಲೆ ಕೆಡಿಸಿಕೊಂಡಿರುತ್ತೀರಿ. ನಿಮಗೆ ಮನೆಗಳ ಮೇಲಿರುವ ಪ್ರೀತಿ ಹೆಂಡತಿಯ ಮೇಲಿಲ್ಲ ಎಂದು ಹೊರಡುವ ದಿನ ಅಂದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಊಟಕ್ಕೆ ಕೂತಾಗ ಎದುರಿನ ಕುರ್ಚಿ ನೋಡಲಾಗುವುದಿಲ್ಲ. ಒಬ್ಬಳೇ ಇದ್ದು ಸಾಕಾಗಿದೆ.

ಸೋಮವಾರ ಮಾಲಿ ಗುದ್ದಲಿ ಹಿಡಿದು ಬರುತ್ತಾನೆ. ಪಾತಿ ಅರ್ಧ ಮಾಡಬೇಕೋ, ಹಾಗೇ ಬಿಡಬೇಕೋ, ಅಷ್ಟರೊಳಗೆ ತಿಳಿಸಿ. ಅರ್ಧ ಮಾಡು ಎಂದರೆ ನನಗೆ ಅರ್ಥವಾಗುತ್ತದೆ. ಮತ್ತೆ ಕೇಳುವುದಿಲ್ಲ.

ಇಂತಿ,
ಮನೆ ಕಾಯುತ್ತಿರುವವಳು

ತಾ.ಕ.: ಜೊಂಡು ಪೂರ್ತಿ ಸತ್ತಿಲ್ಲ, ಬುಡದಲ್ಲಿ ಹಸಿರಿದೆ. ಮಾಲಿ ಹೇಳಿ ಹೋದಾಗಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ ಮಾಡುತ್ತಿದ್ದೇನೆ. ನೆಗಡಿ ಹಿಡಿದಿದೆ. ಸಂಜೆಯದು ನಿಮ್ಮ ಪಾಲಿನದು.