ನೀನು ಕೊಟ್ಟುಹೋದ ಪತ್ತೇದಾರಿ ಪುಸ್ತಕಗಳು

ಇಂಡಿ,
೬ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಮುಕ್ತಾ,

ಅಕ್ಕನ ಆಶೀರ್ವಾದ. ನಿನ್ನ ಸೊಂಟನೋವು ಹೇಗಿದೆ? ಕೊಲ್ಹಾಪುರದ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲಾ ಮಾಡುವವರನ್ನು ಟೀವಿಯಲ್ಲಿ ನೋಡುತ್ತ ಕೂತಿದ್ದೀಯೋ? ನನ್ನ ಚಿಕೂನ್‌ಗುನ್ಯಾ ಜ್ವರ ಇಳಿದಿದೆ. ಮಂಡಿ ಮಾತ್ರ ಇನ್ನೂ ನನ್ನ ಮಾತು ಕೇಳುವುದಿಲ್ಲ. ಕೆಳಗೆ ಕೂತರೆ ಏಳಲು ಗೋಡೆ ಬೇಕು, ಗೋಡೆ ಇಲ್ಲದಲ್ಲಿ ನಿನ್ನ ಭಾವ ಬೇಕು. ಗೋಡೆಯೇ ವಾಸಿ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಗುತ್ತೀ. ಕಾಗದಕ್ಕೆ ಆ ಕಾಟವಿಲ್ಲ.

ಗೌರಿ ಹಬ್ಬಕ್ಕೆ ಬಂದಾಗ ನೀನು ಕೊಟ್ಟುಹೋದ ಪುಸ್ತಕದ ಗಂಟನ್ನು ಓದಿ ಮುಗಿಸಿದೆ. "ಹಾಸಿಗಿ ಹಿಡದಾಗ ಹಗುರ ಪುಸ್ತಕ ಓದಬೇಕಕ್ಕ, ತಲಿಗೆ ಭಾರ ಆಗಬಾರದು" ಎಂದಿದ್ದೆಯಲ್ಲ, ನಿಜ, ಒಂದೂ ಭಾರವಾಗಲಿಲ್ಲ. ಆ ಪ್ರೇಮ ಕಾದಂಬರಿಯ ನಾಯಕಿ ಡಿಗ್ರಿ ಮುಗಿಸಿದ್ದಾಳೆ, ಆದರೆ ನೆಟ್ಟಗೆ ನಡೆಯಲು ಬರುವುದಿಲ್ಲ. ಮೆಟ್ಟಿಲಿಳಿಯುವಾಗ ಎಡವುತ್ತಾಳೆ, ಕಾರಿನಿಂದ ಇಳಿಯುವಾಗ ಎಡವುತ್ತಾಳೆ, ದೇವರಿಗೆ ಕೈಮುಗಿದು ಏಳುವಾಗಲೂ ಎಡವುತ್ತಾಳೆ. ಪ್ರತಿ ಸಲ ಹಿಡಿಯಲು ಅವನು ಅಲ್ಲೇ ನಿಂತಿರುತ್ತಾನೆ. ದೊಡ್ಡ ಕಾರ್ಖಾನೆಯ ಮಾಲೀಕನಂತೆ! ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಗೇಟು ಕಾಯುವವನಿಗೂ ಇಷ್ಟು ಪುರಸೊತ್ತಿಲ್ಲ.

ಉಳಿದವೆಲ್ಲ ಕೊಲೆ, ಕಳವು. ಒಂದು ಬಂಗಲೆ, ಹೊರಗೆ ಮಳೆ, ಕರೆಂಟು ಹೋಗುತ್ತದೆ, ಬಂದಾಗ ಯಜಮಾನ ಸತ್ತಿರುತ್ತಾನೆ. ಕರೆಂಟು ಹೋದಾಗಲೆಲ್ಲ ಒಬ್ಬ ಯಜಮಾನ ಸಾಯುವಂತಿದ್ದರೆ ನಮ್ಮ ತಾಲೂಕಿನಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ. ಪತ್ತೇದಾರ ಸಿಗರೇಟಿನ ಬೂದಿ ಮೂಸಿ ಕೊಲೆಗಾರ ಎಡಚ ಎನ್ನುತ್ತಾನೆ, ಇನ್‌ಸ್ಪೆಕ್ಟರು ಬಾಯಿ ತೆರೆದು ನಿಲ್ಲುತ್ತಾನೆ. ಕೊಲೆಗಾರನೋ ಪಿಸ್ತೂಲು ಹಿಡಿದುಕೊಂಡು ತನ್ನ ಬಾಲ್ಯದಿಂದ ಹಿಡಿದು ಎಲ್ಲ ಕಥೆ ಹೇಳುತ್ತಾನೆ, ಗುಂಡು ಹಾರಿಸಲು ಮಾತ್ರ ಮರೆಯುತ್ತಾನೆ. ಇನ್ನೊಂದರಲ್ಲಿ ಕಟ್ಟಕಡೆಗೆ ಒಬ್ಬ ಅವಳಿ ತಮ್ಮ ಬಂದ. ಅಲ್ಲಿಯವರೆಗೆ ಅವನ ಸುದ್ದಿಯೇ ಇರಲಿಲ್ಲ. ಆ ಪುಸ್ತಕವನ್ನು ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದೇನೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಇಷ್ಟನ್ನೂ ನಕ್ಕು ಬಿಡಬಹುದಿತ್ತು. ಬಿಡಲಾಗದ್ದು ಒಂದಿದೆ. ಎಲ್ಲ ಪುಸ್ತಕದಲ್ಲೂ ಒಬ್ಬ ಮನೆಗೆಲಸದವಳು ಇರುತ್ತಾಳೆ. ಮೊದಲು ಸಂಶಯ ಅವಳ ಮೇಲೆ. ಅವಳು ಅಳುತ್ತಾಳೆ. ಆಮೇಲೆ ಪತ್ತೇದಾರ, ನೀನಲ್ಲ ಹೋಗು, ಎನ್ನುತ್ತಾನೆ. ಹೋಗುತ್ತಾಳೆ, ಮುಂದೆ ಅವಳ ಹೆಸರೇ ಬರುವುದಿಲ್ಲ. ಮನೆಗೆ ಹೋಗಿ ಮಕ್ಕಳಿಗೆ ಏನು ಹೇಳಿದಳು, ಅವತ್ತು ಉಂಡಳೋ ಇಲ್ಲವೋ, ಬರೆದವರಲ್ಲಿ ಒಬ್ಬರಿಗೂ ಅದು ಬೇಕಿಲ್ಲ.

ನಾನು ಓದಿ ಎಸೆದದ್ದನ್ನು ನಿನ್ನ ಭಾವ ಹೆಕ್ಕಿಕೊಂಡು ಓದಿದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 'ಇವನೇ' ಎಂದು ಗುರುತು ಹಾಕುತ್ತಿದ್ದರು. ಒಂದು ಸಲವೂ ಸರಿ ಬರಲಿಲ್ಲ. ಆದರೂ ತಾನು ಪತ್ತೇದಾರ ಎಂಬ ಹುಚ್ಚು ಹತ್ತಿತು.

ನೀನು ಹೋದ ಮುಂದಿನ ವಾರ ನೋಡಿದರೆ ಅತ್ತೆಯವರ ಮುತ್ತಿನ ನತ್ತು ಡಬ್ಬಿಯಲ್ಲಿ ಇಲ್ಲ. ಗೌರಿಗೆ ಹಾಕಿ ತೆಗೆದಿಟ್ಟಿದ್ದ ನತ್ತು. ನಾನು ಜ್ವರದಲ್ಲಿ ಮಲಗಿದ್ದೆ, ಹಬ್ಬವನ್ನೆಲ್ಲ ನೀನೇ ಮಾಡಿದ್ದೆ. "ಮುಕ್ತಾಗ ಒಂದ್ ಫೋನ್ ಮಾಡ್ರಿ, ಆಕಿನೇ ತಗದಿಟ್ಟಾಳ" ಎಂದೆ. "ಮನಿ ಮಂದಿನ್ನ ಕೇಳೂದೇನದ? ಹೊರಗಿನವರು ಯಾರು ಒಳಗ ಬಂದಿದ್ರು, ಅದನ್ನ ನೋಡಬೇಕು" ಎಂದರು. ಆ ಪುಸ್ತಕಗಳಲ್ಲಿ ಕಳ್ಳರೆಲ್ಲ ಮನೆಯವರೇ. ಅಷ್ಟನ್ನಾದರೂ ಕಲಿಯಬೇಡವೇ?

ಮರುದಿನ ನನ್ನ ಹಾಸಿಗೆ ಇದ್ದ ಪಡಸಾಲೆಯಲ್ಲೇ ಎಲ್ಲರನ್ನೂ ಕೂಡಿಸಿದರು, ಥೇಟ್ ಕೊನೆಯ ಅಧ್ಯಾಯದ ಹಾಗೆ. ಪಕ್ಕದ ಮನೆಯ ವಿಜಯಲಕ್ಷ್ಮಿ, ನನ್ನ ರವಿಕೆ ಹೊಲಿದು ತಂದಿದ್ದ ಅಬಿದಾ, ಮತ್ತೆ ನಮ್ಮ ರೇಣವ್ವ. ನನ್ನ ಬಾಣಂತನದ ಕಾಲದಿಂದ ಈ ಮನೆಯ ಪಾತ್ರೆ ತೊಳೆದವಳು, ಅತ್ತೆಯವರು ಹಾಸಿಗೆಯಲ್ಲೇ ಎಲ್ಲ ಮಾಡಿಕೊಳ್ಳುವಾಗ ಮುಖ ಸಿಂಡರಿಸದೆ ಬಳಿದವಳು. ಇವರು ಬೆನ್ನ ಹಿಂದೆ ಕೈ ಕಟ್ಟಿ ಅತ್ತಿಂದಿತ್ತ ನಡೆದರು. ಆಮೇಲೆ ತಟ್ಟನೆ ತಿರುಗಿ, "ರೇಣವ್ವ, ಡಬ್ಬಿ ಇದ್ದ ಕೋಲಿಯೊಳಗ ಹೋಗಿ ಕಸಾ ಹೊಡದಾಕಿ ನೀ ಒಬ್ಬಾಕಿನೇ" ಎಂದರು.

ಅಬಿದಾ ರವಿಕೆಯನ್ನು ನನ್ನ ಹಾಸಿಗೆಯ ಮೇಲಿಟ್ಟು, "ಸರ, ಇದು ಛಲೋ ಅಲ್ರಿ" ಎಂದು ಬಾಗಿಲಿಗೆ ಹೋಗಿ ನಿಂತಳು. ವಿಜಯಲಕ್ಷ್ಮಿ ಇನ್ನೂ ಮುಂದೆ ಸರಿದು ಕೂತಳು. ರೇಣವ್ವ ಅಳಲಿಲ್ಲ. ಎದ್ದು ನಿಂತು, ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ನೆಲಕ್ಕೆ ಸುರಿದಳು, ಸೆರಗು ಝಾಡಿಸಿದಳು. "ನೋಡ್ರಿ ಸರ, ಎಲ್ಲಾ ನೋಡ್ರಿ." ಅಡಿಕೆ ಚೂರು, ಸುಣ್ಣದ ಡಬ್ಬಿ, ಅವಳ ಮನೆಯ ಕೀಲಿ. ಇವರು ಬಗ್ಗಿ ನೋಡಿದರು ಮುಕ್ತಾ, ನಿಜವಾಗಿಯೂ ಬಗ್ಗಿ ನೋಡಿದರು. "ಸಾಕು ಮಾಡ್ರಿ" ಎಂದು ಕೂಗಿ ನಾನು ಗೋಡೆ ಹಿಡಿದು ಏಳುವಷ್ಟರಲ್ಲಿ ಅವಳು ಕೀಲಿಯನ್ನಷ್ಟೇ ಎತ್ತಿಕೊಂಡು ಹೊರಟುಹೋಗಿದ್ದಳು.

ಆಗಲೇ ನಾನು ನಿನಗೆ ಫೋನ್ ಮಾಡಿದ್ದು. ನೀನು ನಕ್ಕೆ. "ಅಯ್ಯ ಅಕ್ಕಾ, ಅದು ನನ್ನ ಹತ್ರನೇ ಅದ! ಒಂದ್ ಮುತ್ತು ಸಡಲಾಗಿತ್ತು, ರಿಪೇರಿಗೆ ಕೊಡೂಣು ಅಂತ ತಂದೆ, ಹೇಳೂದ ಮರತೆ." ರೇಣವ್ವನ ಸಂಗತಿ ಹೇಳಿದರೆ, "ಸಿಕ್ತಲ್ಲ, ಮತ್ತ ಕರೀರಿ" ಎಂದೆ. ನಾನು ಫೋನ್ ಇಟ್ಟೆ. ನಿನ್ನ ಭಾವನೂ ಅದನ್ನೇ ಮಾಡಿದರು: ನತ್ತು ಸಿಕ್ಕಿದೆ, ನಾಳೆಯಿಂದ ಬಾ, ಎಂದು ಹೇಳಿ ಕಳಿಸಿದರು. ಅವಳು ಬರಲಿಲ್ಲ. ಲಚ್ಯಾಣ ಹಳ್ಳಿಯ ಮಗಳ ಮನೆಗೆ ಹೋಗಿದ್ದಾಳೆಂದು ತಿಳಿಯಿತು. ಟೆಂಪೋದಲ್ಲಿ ಮಂಡಿ ಒತ್ತಿ ಹಿಡಿದುಕೊಂಡು ನಾನೇ ಹೋದೆ.

ಚಹಾ ಕೊಟ್ಟಳು. ನಾನು ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ. "ಅಕ್ಕಾರ, ನಿಮ್ದು ನಿಮಗ ಸಿಕ್ತು. ನಂದು ಹೋದದ್ದು ಎಲ್ಲಿ ಹುಡಕಲಿ? ನಾಕ್ ಮಂದಿ ಮುಂದ ಸೆರಗ ಝಾಡಿಸೇನಿ. ನನ್ನ ಅಳಿಯಾ ಕೇಳಾಕತ್ತಾನ, ಏನಾಗಿತ್ತು ಅಂತ" ಎಂದಳು.

ಮನೆಗೆ ಬಂದು ಇವರಿಗೆ ಹೇಳಿದೆ: ಅದೇ ಪಡಸಾಲೆ, ಅದೇ ಮಂದಿ, ಅವರೆದುರೇ ತಪ್ಪಾಯಿತು ಅನ್ನಬೇಕು. "ಕೆಲಸದಾಕಿ ಮುಂದ ನಾ ಹಂಗ ಅನ್ನಬೇಕೇನು?" ಎಂದರು. "ಬಗ್ಗಿ ನೋಡ್ಲಿಕ್ಕೆ ಬಂತಲ್ಲ, ಇದೂ ಬರ್ತದ" ಎಂದೆ. ಆಮೇಲೆ ಅವರು ಒಪ್ಪುವ ತನಕ ಬಡಿಸಿದೆ, ಮಾತಾಡಲಿಲ್ಲ.

ಹೋದ ವಾರ ಎಲ್ಲರೂ ಬಂದರು. ರೇಣವ್ವ ಅಳಿಯನನ್ನೂ ಕರೆತಂದಿದ್ದಳು. ಇವರು ಎದ್ದು ರೇಣವ್ವನ ಎದುರು ಬಂದು ನಿಂತರು. ಆಮೇಲೆ, "ರೇಣವ್ವ, ನೀ ಏನೂ ತಗೊಂಡಿಲ್ಲ. ನಾ ತಪ್ಪು ಮಾಡಿದೆ. ನನಗ ನಾಚಿಕಿ ಬಂದದ" ಎಂದರು. ನಾಚಿಕೆಯ ಮಾತು ನಾನು ಹೇಳಿಕೊಟ್ಟದ್ದಲ್ಲ. ರೇಣವ್ವ ಅಳಿಯನ ಮುಖ ನೋಡಿದಳು, ಆಮೇಲೆ ಇವರ ಮುಖ. "ಆತ್ರಿ ಸರ. ಆದ್ರ ಇನ್ನ ನಾ ಇಲ್ಲಿ ಬರಂಗಿಲ್ರಿ. ಲಿಂಬಿಕಾಯಿ ಆರಿಸಾಕ ಹೊಂಟೇನಿ." ಹೋಗುವಾಗ ನನ್ನ ಮಂಡಿ ಮುಟ್ಟಿ ನೋಡಿ, "ಎಣ್ಣಿ ಬಿಸಿ ಮಾಡಿ ತಿಕ್ಕೋರಿ" ಎಂದಳು. ನನಗೆ ಅಳು ಬಂದದ್ದು ಆಗ.

ಈಗ ಪಾತ್ರೆ ಇವರೇ ತೊಳೆಯುತ್ತಾರೆ, ಜಿಡ್ಡು ಹಾಗೇ ಇರುತ್ತದೆ. ಮನೆಯವರಿಗೆ ನನ್ನ ನಮಸ್ಕಾರ ತಿಳಿಸು, ಮಗ ಕೌಸ್ತುಭನಿಗೆ ಆಶೀರ್ವಾದ. ದೇವಿ ನಿಮ್ಮೆಲ್ಲರನ್ನು ಕಾಯಲಿ, ನಿನಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ವಸುಧಾ

ತಾ.ಕ.: ನತ್ತನ್ನು ಕೊರಿಯರಿನಲ್ಲಿ ಕಳಿಸಬೇಡ, ನೀನೇ ತಾ. ಬಸ್ಸಿಳಿದು ಮೊದಲು ಲಿಂಬೆ ಮಾರುಕಟ್ಟೆಗೆ ಹೋಗು. ರೇಣವ್ವ ಅಲ್ಲಿ ಹೆಂಗಸರ ಜೊತೆ ಕೂತಿರುತ್ತಾಳೆ. ಅವರೆಲ್ಲರ ಎದುರು, ಇದು ನನ್ನ ಹತ್ತಿರ ಇತ್ತು, ಹೇಳದೆ ಒಯ್ದವಳು ನಾನು, ಎಂದು ಅವಳಿಗೆ ಹೇಳಿ ಆಮೇಲೆ ಮನೆಗೆ ಬಾ. ನೇರ ಇಲ್ಲಿಗೆ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.