ತಲೆ ಕೂರುವ ಗುಂಡಿ

ತಾ. 4, ಸೋಮವಾರ

ಅಂಚಿನ ಪಟ್ಟಿಗೆ ಇವತ್ತು ತೂತು. ಮೇಜಿನ ಕಾಲು ನಿಂತಿದೆ, ಹಲಗೆ ಕೂತಿದೆ, ಅಲುಗಾಟವಿಲ್ಲ. ಅಲ್ಯೂಮಿನಿಯಂ ಪಟ್ಟಿ ಒಂದು ಬಾಕಿ. ಅದರ ಮೇಲೆ ಕತ್ತರಿ ಓಡಬೇಕು, ಬಟ್ಟೆ ಜಾರಬೇಕು.

ನನ್ನ ಹೆಂಡತಿ, ಇವಳು, ಇಷ್ಟು ವರ್ಷ ನೆಲದ ಮೇಲೆ ಕೂತೇ ಬಟ್ಟೆ ಕತ್ತರಿಸಿದಳು. ಈಗ ಮಂಡಿ ಮಡಚುವುದಿಲ್ಲ. ಮಡಚಿದರೆ ಬಿಚ್ಚುವುದಿಲ್ಲ. ಹೊಲಿಗೆ ಬಿಡುತ್ತೇನೆ ಎಂದು ತನ್ನ ತಂಗಿಯ ಮಗಳಿಗೆ ಹೇಳಿಯೂ ಆಗಿದೆ. ಅವಳು ಶನಿವಾರ ಬಂದು ಮಿಷನ್ ಒಯ್ಯುತ್ತಾಳಂತೆ. ಅಷ್ಟರೊಳಗೆ ನಿಂತು ಕತ್ತರಿಸುವ ಮೇಜು ಮಾಡಿಕೊಡುತ್ತೇನೆ ಅಂದೆ.

"ಮಾಡಿ, ನೋಡೋಣ," ಅಂದಳು.

ಆ 'ನೋಡೋಣ' ನನಗೆ ಹಿಡಿಸಲಿಲ್ಲ.

ಚಪ್ಪಟೆ ತಲೆಯ ಸ್ಕ್ರೂ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕೇಳಿದ: "ಯಜಮಾನ್ರೇ, ನಿಮ್ಮ ಕೌಂಟರ್‌ಸಿಂಕ್ ಬಿಟ್ ಎಂಬತ್ತೆರಡರದ್ದೋ, ತೊಂಬತ್ತರದ್ದೋ?"

"ಬಸ್ ನಂಬರ್ ಕೇಳ್ತಾ ಇದೀಯಾ? ತೂತಿನ ಬಾಯಿ ಅಗಲ ಮಾಡುತ್ತೆ, ಸ್ಕ್ರೂ ತಲೆ ಅದರೊಳಗೆ ಮುಳುಗುತ್ತೆ. ಅಷ್ಟು ಸಾಕು."

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬಾಗಿಲು ಕೂರಿಸುತ್ತಲೇ ತಲೆ ಬೆಳ್ಳಗಾಯಿತು. ಯಾವ ಬಾಗಿಲೂ ನನ್ನನ್ನು ನಂಬರ್ ಕೇಳಲಿಲ್ಲ.

ಸಂಜೆ — ಮುಗಿಯಿತು. ಅಂಗೈ ಆಡಿಸಿದೆ. ನುಣುಪು. ಇವಳೂ ಆಡಿಸಿದಳು. ಕತ್ತರಿ ತಂದಿಟ್ಟಳು.

ತಾ. 6, ಬುಧವಾರ

ಕೆಟ್ಟಿತು.

ಗಿರಾಕಿಯ ಸ್ಯಾಟಿನ್ ಬಟ್ಟೆಯನ್ನು ಪಟ್ಟಿಯ ಮೇಲೆ ಎಳೆದಿದ್ದಾಳೆ, ಮಧ್ಯದ ಸ್ಕ್ರೂ ಹಿಡಿದುಕೊಂಡಿದೆ. ಒಂದು ಎಳೆ ಉದ್ದಕ್ಕೂ ಕಿತ್ತು ಬಂತು, ಬಟ್ಟೆ ಹರಿಯಿತು. ಮೊನ್ನೆ ಮುಳುಗಿದ್ದ ತಲೆ ಇವತ್ತು ಒಂದು ಬದಿ ಎದ್ದಿದೆ. ಉಗುರಿಗೆ ಸಿಗುತ್ತದೆ. ಪಕ್ಕದ್ದೂ ಸಡಿಲ.

"ನೀನು ಮೇಜಿನ ಮೇಲೆ ಮೈಭಾರ ಹಾಕ್ತೀಯ," ಅಂದೆ.

"ಹೌದು, ಆನೆ ನೋಡಿ ನಾನು. ರೀ, ಬಟ್ಟೆ ಹರಿದಿದ್ದು ನಂದು. ಕೂಗಾಟ ಯಾಕೆ ನಿಮ್ಮದು?"

ಅಂಗಳಕ್ಕೆ ಹೋಗಿ ನಿಂತೆ.

ತಾ. 7, ಗುರುವಾರ

ಗುಂಡಿ ಇನ್ನಷ್ಟು ಆಳ ಮಾಡಿದೆ. ಆಳ ಮಾಡಿದಷ್ಟೂ ಪಟ್ಟಿ ತೆಳ್ಳಗಾಗುತ್ತ ಹೋಯಿತು. ಕೊನೆಗೆ ಒಂದು ಕಡೆ ಸ್ಕ್ರೂ ತಲೆಸಮೇತ ತೂರಿ ಆಚೆ ಹೋಯಿತು. ಪಟ್ಟಿ ಹಾಳು. ಬಿಟ್ ಎಸೆದೆ. ಬೀರುವಿನ ಕೆಳಗೆ ಉರುಳಿತು... ಬಗ್ಗಿ ಹುಡುಕಿ ತೆಗೆದವನೂ ನಾನೇ.

ತಂಗಿಯ ಮಗಳು ಫೋನ್ ಮಾಡಿದ್ದಳು. ಶನಿವಾರ ಹನ್ನೊಂದಕ್ಕೆ ಬರುತ್ತಾಳಂತೆ. ಇವಳು "ಹೂಂ" ಅಂದಳು. ಆಮೇಲೆ ಮಿಷನ್ ಒರೆಸಿದಳು. ತುಂಬಾ ಹೊತ್ತು ಒರೆಸಿದಳು.

ತಾ. 8, ಶುಕ್ರವಾರ, ಬೆಳಿಗ್ಗೆ

ತಲೆಯಲ್ಲಿ ಹುಳ ಹೊಕ್ಕಿದೆ. ಮುಳುಗಿದ ತಲೆ ಮೇಲೆದ್ದದ್ದು ಹೇಗೆ? ಒಳಗೆ ಏನಾಗುತ್ತಿದೆ? ನೋಡಲು ಆಗುವುದಿಲ್ಲ, ಸ್ಕ್ರೂ ಅಡ್ಡ.

ಕಾಫಿ ಕುಡಿಯುತ್ತ ಇವಳಿಗೇ ಕೇಳಿದೆ. ಕೇಳಬಾರದೆಂದಿದ್ದೆ.

ಅವಳು ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ತಂದು ಸ್ಕ್ರೂ ತಲೆಯ ಕೆಳಗೆಲ್ಲ ಬಳಿದಳು. "ಗುಂಡೀಲಿಟ್ಟು ಒಂದು ಸುತ್ತು ತಿರುವಿ. ಎಲ್ಲಿ ತಾಗುತ್ತೋ ಅಲ್ಲಿ ಅಳಿಸುತ್ತೆ."

ತಿರುವಿ ತೆಗೆದೆ. ಮೇಲಂಚಿನ ಸುತ್ತ ಮಾತ್ರ ಅಳಿಸಿತ್ತು. ಕೆಳಗೆಲ್ಲ ನೀಲಿ ಹಾಗೇ ಇತ್ತು.

"ಅಂಚಲ್ಲಿ ನಿಂತಿದೆ, ಕೂತಿಲ್ಲ," ಅಂದಳು. "ವಿ ಕತ್ತಿನ ರವಿಕೆಗೆ ಒಳಪಟ್ಟಿ ಬೇರೆ ಓರೆಗೆ ಕತ್ತರಿಸಿದ್ರೆ ಹೀಗೇ. ಒಂದು ಕಡೆ ಎಳೆಯುತ್ತೆ, ಇನ್ನೊಂದು ಕಡೆ ಜೋಲುತ್ತೆ."

ಅಂದರೆ ಗುಂಡಿಯ ಇಳಿಜಾರೇ ಬೇರೆ, ತಲೆಯ ಇಳಿಜಾರೇ ಬೇರೆ. ಕತ್ತರಿ ಕುಟ್ಟಿದಂತೆಲ್ಲ ಅಂಚು ಸವೆದು ತಲೆ ಓಲಾಡಿದೆ.

ಬಾಗಿಲ ಮೂಲೆ ಸರಿ ನೋಡುವ ಮೂಲೆಮಟ್ಟ ತೆಗೆದು ಅದರ ಒಳಮೂಲೆಗೆ ಬಿಟ್ಟಿನ ಮೂತಿ ಇಟ್ಟೆ. ಕಿಟಕಿಗೆ ಹಿಡಿದೆ. ಒಂದು ಬದಿ ತಾಗಿಸಿದರೆ ಇನ್ನೊಂದು ಬದಿ ಬೆಳಕು. ಬಿಟ್ ಚೂಪು ಜಾಸ್ತಿ. ಹೊಸ ಸ್ಕ್ರೂ ಒಂದರ ಕಡ್ಡಿ ಕತ್ತರಿಸಿ ಬರೀ ತಲೆ ಇಟ್ಟೆ, ಎರಡೂ ಬದಿ ಬೆಳಕಿಲ್ಲದೆ ಕೂತಿತು. ಆಮೇಲೆ ಡಬ್ಬಿಯ ಹಳೆಯ ಸ್ಕ್ರೂಗಳಿಗೂ ಚಾಕ್ ಬಳಿದೆ. ಅವಕ್ಕೆ ಇದೇ ಬಿಟ್ ಸರಿ — ನೀಲಿ ಪೂರಾ ಅಳಿಸಿತು!

"ಬಿಟ್ಟೂ ಒಳ್ಳೇದು, ಸ್ಕ್ರೂನೂ ಒಳ್ಳೇದು. ಜೋಡಿ ಕೆಟ್ಟದ್ದು," ಅಂದೆ.

"ನನಗೇನಾದ್ರೂ ಹೇಳ್ತಾ ಇದೀರಾ?"

ಎಷ್ಟೋ ದಿನದ ಮೇಲೆ ನಕ್ಕಳು.

ಸಂಜೆ

ಹೊಸ ಪಟ್ಟಿ, ಹೊಸ ಬಿಟ್. ಮೂಲೆಮಟ್ಟ ಕಂಕುಳಲ್ಲಿಟ್ಟುಕೊಂಡೇ ಅಂಗಡಿಗೆ ಹೋದೆ. ಅಂಗಡಿಯವನು ಕೊಟ್ಟ ಬಿಟ್ಟನ್ನು ಮೂಲೆಗಿಟ್ಟು ನೋಡಿದೆ. ಒಂದು ಗೆರೆ ಬೆಳಕಿಲ್ಲ.

"ಅದೇ ತೊಂಬತ್ತು ಡಿಗ್ರಿ, ಯಜಮಾನ್ರೇ. ನಿಮ್ಮ ಮೂಲೆಮಟ್ಟಾನೂ ತೊಂಬತ್ತು. ಈ ಸ್ಕ್ರೂ ಪೊಟ್ಟಣದ ಮೇಲೂ ಬರೆದಿದೆ, ನೋಡಿ."

ಬರೆದಿತ್ತು. ಜೀವಮಾನವಿಡೀ ಬಾಗಿಲ ಮೂಲೆಗೆ ಹಿಡಿದದ್ದು ತೊಂಬತ್ತನ್ನೇ. ಕೈಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಹಾಗಾದರೆ ಎಂಬತ್ತೆರಡು ಯಾರು ಹುಟ್ಟಿಸಿದ್ದು? ಯಾಕೆ ಎಂಬತ್ತಲ್ಲ? ಕೇಳಿದೆ.

"ಬಸ್ ನಂಬರ್ ಇರಬೇಕು," ಅಂದ.

ಹಲ್ಕಾ. ಬೈಯದೆ ಬಂದೆ.

ತಾ. 9, ಶನಿವಾರ, ಬೆಳಿಗ್ಗೆ

ಮೊದಲು ಚೂರು ಪಟ್ಟಿಯಲ್ಲಿ ಒಂದು ಗುಂಡಿ. ಚಾಕ್. ಪೂರಾ ಅಳಿಸಿತು. ಆಮೇಲೆ ಪಟ್ಟಿಗೆ ಕೈ ಹಾಕಿದೆ. ಸ್ವಲ್ಪ ಕೊರೆದು ತಲೆ ಇಟ್ಟು ನೋಡುವುದು, ಮತ್ತೆ ಸ್ವಲ್ಪ. ಅವಸರ ಮಾಡಲಿಲ್ಲ. ಬೈಗಳೂ ಬರಲಿಲ್ಲ.

ಪಟ್ಟಿ ಕೂತ ಮೇಲೆ ಇವಳು ಸುತ್ತಿಗೆಯ ಹಿಡಿಯಿಂದ ಅಂಚಿನುದ್ದಕ್ಕೂ ಕುಟ್ಟಿದಳು. ಸೇಡು ತೀರಿಸಿಕೊಂಡಂತೆ ಕುಟ್ಟಿದಳು. ಒಂದೂ ಏಳಲಿಲ್ಲ. ಹರಿದ ಸ್ಯಾಟಿನ್ನನ್ನೇ ಎಳೆದು ನೋಡಿದಳು. ನೀರು ಹರಿದ ಹಾಗೆ ಹೋಯಿತು.

ಈಗ ಗಿರಾಕಿಗೆಂದು ತಾನೇ ತಂದ ಬದಲಿ ಬಟ್ಟೆ ಹಾಸಿಕೊಂಡಿದ್ದಾಳೆ. ನಿಂತಿದ್ದಾಳೆ. ನಾನು ಇಲ್ಲಿ ಮೂಲೆಯಲ್ಲಿ ಬರೆಯುತ್ತಿದ್ದೇನೆ. ಕತ್ತರಿ ಸದ್ದು ನಿಲ್ಲದೆ ಬರುತ್ತಿದೆ.

ಹೊರಗೆ ಆಟೋ ನಿಂತಿತು. "ದೊಡ್ಡಮ್ಮಾ" ಅಂತ ಕೂಗು. ಮಿಷನ್ ಒಯ್ಯಲು ಬಂದಳು.

ಇವಳು ತಲೆ ಎತ್ತಲಿಲ್ಲ. "ರೀ, ಕೈ ಬಿಡುವಿಲ್ಲ. ನೀವೇ ಹೋಗಿ ಹೇಳಿ."

"ಏನಂತ ಹೇಳಲಿ?"

"ಊಟಕ್ಕೆ ಇರು ಅಂತ ಹೇಳಿ. ಮಿಷನ್ ಮಾತ್ರ—"

ಕತ್ತರಿ ಸದ್ದಿಗೆ ಉಳಿದದ್ದು ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇಲ್ಲ. ಎದ್ದು ಹೋಗಿ ಹೇಳಬೇಕು.